ಜೋಡಿಯವನ ಕೂಸು

ಮೂರನೆಯ ರವಿವಾರ ನನ್ನ ತರಗತಿಗೆ ಬಂದ ಗಂಡಸರು ಒಬ್ಬರೇ. ಅವರೂ ಸಣ್ಣ ಮಕ್ಕಳ ಅಪ್ಪನಲ್ಲ, ಅಜ್ಜ.

ನಾನು ಸುರಪುರದವಳು, ಹೆಸರು ಫರ್ಹತ. ಯಾದಗಿರಿಯ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಐದು ವರ್ಷದೊಳಗಿನ ಮಕ್ಕಳ ಅಪ್ಪ ಅಮ್ಮಂದಿರನ್ನು ಒಂದೆಡೆ ಕೂಡಿಸಿ, ಮಗುವಿನ ಜೊತೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು, ಕೈ ಎತ್ತದೆ ಹೇಗೆ ತಿದ್ದಬೇಕು ಎಂದು ಹೇಳಿಕೊಡುವುದು ನನ್ನ ಕೆಲಸ. ತಾಯಂದಿರ ಗುಂಪು ಹೇಗೋ ನಡೆದುಕೊಂಡು ಹೋಗುತ್ತದೆ. ಅಪ್ಪಂದಿರ ಗುಂಪು ಕಟ್ಟು ಎಂದು ಆಫೀಸಿನವರು ಶಹಾಪುರದ ಹಮಾಲರ ಓಣಿಗೆ ಕಳಿಸಿದಾಗ ನನಗೆ ಎಲ್ಲಿಲ್ಲದ ಉತ್ಸಾಹ. ಮೊದಲ ವಾರ ಇಪ್ಪತ್ತಾರು ಅಪ್ಪಂದಿರು ಬಂದರು. ಫೋಟೊ ತೆಗೆದು ಆಫೀಸಿಗೆ ಕಳಿಸಿ ಬೀಗಿದೆ. ಎರಡನೆಯ ವಾರ ಹನ್ನೊಂದು ಮಂದಿ. ಮೂರನೆಯ ವಾರ ಖಂಡಪ್ಪ ಕಾಕಾ ಒಬ್ಬರೇ.

ಮಾರುಕಟ್ಟೆಯಲ್ಲಿ ಅವರನ್ನು ಅರಿಯದವರಿಲ್ಲ. ವಯಸ್ಸು ಐವತ್ತೆಂಟರ ಆಸುಪಾಸು, ಹಮಾಲರ ತಂಡಕ್ಕೆ ಹಿರಿಯರು. ಸುರಪುರದ ಹತ್ತಿರದ ಹಳ್ಳಿಯಿಂದ ಹದಿನಾರನೇ ವಯಸ್ಸಿಗೆ ಚೀಲ ಹೊರಲು ಬಂದವರು, ಇನ್ನೂ ಹೊರುತ್ತಿದ್ದಾರೆ. ಬೆನ್ನು ಎಡಕ್ಕೆ ಸ್ವಲ್ಪ ವಾಲಿದೆ. ಹತ್ತಿಯಲ್ಲಿ ಕೈ ತೂರಿಸಿ ಎಷ್ಟು ಹಸಿಯಿದೆ ಎಂದು ಹೇಳಬಲ್ಲರು. ವ್ಯಾಪಾರಿಗಳು ಯಂತ್ರಕ್ಕಿಂತ ಮೊದಲು ಅವರ ಮುಖ ನೋಡುತ್ತಾರೆ. ಲಾರಿ ಡ್ರೈವರುಗಳನ್ನು ಅವರು ಬೈಯುವ ಬೈಗುಳ ನಾನಿಲ್ಲಿ ಬರೆಯಲಾರೆ. ವರ್ಷಕ್ಕೊಮ್ಮೆ ಅಬ್ಬೆತುಮಕೂರಿನ ಮಠಕ್ಕೆ ಹೋಗಿ ಬರುತ್ತಾರೆ, ಬೇಡಿಕೊಳ್ಳುವುದು ಮಾತ್ರ ಬೆನ್ನು ಗಟ್ಟಿಯಾಗಿರಲಿ ಎಂದಷ್ಟೇ.

ಆ ದಿನ ಅವರು ಸಮುದಾಯ ಭವನದ ಒಳಗೆ ಬಂದು, ಟವೆಲ್ಲಿನಿಂದ ಕುರ್ಚಿ ಝಾಡಿಸಿ ಕೂತರು.

"ಯಾರೂ ಬರಂಗಿಲ್ಲ. ನೀ ಕಾಯಬ್ಯಾಡ ಯವ್ವಾ," ಎಂದರು.

ನನಗೆ ಮೊದಲೇ ತಲೆ ಕೆಟ್ಟಿತ್ತು. "ಯಾಕ ಬರಂಗಿಲ್ರಿ ಕಾಕಾ? ಚಾ ಕೊಡ್ತೀನಿ, ಚೂಡಾ ಕೊಡ್ತೀನಿ. ಮನಿ ಮನಿಗಿ ಹೋಗಿ ಕರದೀನಿ. ಇನ್ನೇನು ಬ್ಯಾಂಡ್ ಹಚ್ಚಿ ಕರೀಬೇಕೇನು?"

ಅವರು ಸದ್ದಿಲ್ಲದೆ ನಕ್ಕರು. "ಮೊದಲನೇ ದಿನ ಮುಂದಿನ ಸಾಲಿನ್ಯಾಗ ಕುರ್ಚಿ ಯಾರಿಗಿ ಹಾಕಿದ್ದಿ?"

"ಓಣಿ ಹಿರ್‍ಯಾರಿಗಿ. ನಿಮಗೂ ಹಾಕಿದ್ದೆ."

"ಆಮ್ಯಾಲ ಹುಡುಗರಿಗಿ ಏನು ಹೇಳಿದಿ?"

"ತಮ್ಮ ತಮ್ಮ ಕೂಸು ತೊಡಿ ಮ್ಯಾಲ ಕುಂಡ್ರಿಸಿಕೊಳ್ರಿ ಅಂದೆ," ಎಂದವಳು ಅಲ್ಲಿಗೇ ನಿಂತೆ. ನನ್ನ ಕಿವಿಯವರೆಗೂ ಬಿಸಿಯಾಯಿತು.

ನಮ್ಮ ಕಡೆ ತಂದೆಯಾದವನು ಹಿರಿಯರೆದುರು ತನ್ನ ಕೂಸನ್ನು ಎತ್ತಿಕೊಳ್ಳುವುದಿಲ್ಲ. ಅಣ್ಣನ ಮಗುವನ್ನು ಎತ್ತಬಹುದು, ನೆರೆಮನೆಯ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಜಾರು ಸುತ್ತಬಹುದು. ತನ್ನದನ್ನು ಮಾತ್ರ ತನ್ನ ಅಪ್ಪನೆದುರು ಮುಟ್ಟುವಂತಿಲ್ಲ. ಮುಟ್ಟಿದರೆ ನಾಚಿಕೆಗೆಟ್ಟವನು, ಹಿರಿಯರ ಮರ್ಯಾದೆ ಅರಿಯದವನು. ಅಕಸ್ಮಾತ್ ಮಗ ಎತ್ತಿಕೊಂಡಿದ್ದಾಗ ಹಿರಿಯರು ಬಂದುಬಿಟ್ಟರೆ, ಅವರೇ ಕೆಮ್ಮಿ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಎಲ್ಲ ಮನೆಗಳಲ್ಲಿ ಈಗ ಇಷ್ಟು ಬಿಗಿ ಉಳಿದಿಲ್ಲ. ಆ ಓಣಿಯಲ್ಲಿ ಉಳಿದಿದೆ. ನಮ್ಮ ಮನೆಯಲ್ಲೂ ಇತ್ತು. ದಾದಾ, ಅಂದರೆ ಅಜ್ಜ, ಕೂತಿದ್ದರೆ ಅಬ್ಬಾ ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಇದನ್ನು ಕಂಡು ಬೆಳೆದ ನಾನೇ ಆರು ಮುದುಕರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಇಪ್ಪತ್ತಾರು ಹುಡುಗರಿಗೆ ಕೂಸು ಎತ್ತಿಕೊಳ್ಳಿ ಎಂದು ಹೇಳಿದ್ದೆ. ಹಿರಿಯರು ಬಂದರೆ ಕಿರಿಯರು ತಪ್ಪಿಸುವುದಿಲ್ಲ ಎಂಬ ನನ್ನ ಬುದ್ಧಿವಂತಿಕೆ ಅದು. ಒಬ್ಬ ಮೂತ್ರಕ್ಕೆ ಹೋಗಿ ಬರುತ್ತೇನೆಂದು ಎದ್ದು ಹೋದವನು ಅವತ್ತಿನವರೆಗೂ ಬಂದಿರಲಿಲ್ಲ.

"ಹಂಗಾದ್ರ ನೀವ್ಯಾಕ ಬಂದ್ರಿ?" ಎಂದು ಕೇಳಿದೆ.

ಕಾಕಾ ಟವೆಲ್ಲನ್ನು ಮಡಿಸಿ ತೊಡೆಯ ಮೇಲಿಟ್ಟರು. "ನನ್ನ ಮೊಮ್ಮಗಳು ಶಾಂಭವಿ ಅಂತ. ಎರಡೂವರಿ ವರ್ಷದಾಕಿ. ನನ್ನ ಮಗ ಮಲ್ಲಿನಾಥ ಮನಿಗಿ ಬಂದ್ರ ಅಕಿ ಅಜ್ಜಿ ಸೀರಿ ಹಿಂದ ಅಡಗ್ತಾಳ. ಹಡದಪ್ಪನ ಕಂಡ್ರ ಯಾರೋ ಕಳ್ಳ ಬಂದಂಗ ಮಾಡ್ತಾಳ. ನಮ್ಮದು ಎರಡು ಖೋಲಿ ಮನಿ. ನಾ ಇದ್ದಾಗ ಅಂವ ಎತ್ತಂಗಿಲ್ಲ. ನಾ ಇಲ್ದಾಗ ಅಂವನೂ ಇರಂಗಿಲ್ಲ, ಇಬ್ಬರಿಗೂ ಒಂದೇ ಪಾಳಿ."

"ಎತ್ತಿಕೋ ಅಂತ ನೀವೇ ಹೇಳಬಹುದಲ್ರಿ."

"ಹೇಳೀನಿ. ತಲಿ ತಗ್ಗಿಸಿ ಹೂಂ ಅಂತಾನ, ಎತ್ತಂಗಿಲ್ಲ. ಬಾಯಿಲೆ ಹೇಳಿದ್ರ ಹೋಗೋ ನಾಚಿಕಿ ಅಲ್ಲ ಅದು. ಅಂವ ಅಕಿನ್ನ ಎತ್ತಿಕೊಳ್ಳೋದು ನಾ ಒಮ್ಮಿ ಕಣ್ಣಿಲೆ ನೋಡಬೇಕು ಯವ್ವಾ. ಅದಕ್ಕ ನಿನ್ನ ಈ ಸಾಲಿ ನಡೀಬೇಕು. ಮಂದಿ ಕೂಡಿಸೋ ಕೆಲಸ ನನಗ ಬಿಡು, ಕಲಿಸೋ ಕೆಲಸ ನೀ ನೋಡಿಕೋ."

ಇಷ್ಟು ಹೇಳಿ, ಇಪ್ಪತ್ತಾರು ಮಂದಿಗೆಂದು ತಂದಿದ್ದ ಚೂಡಾದಲ್ಲಿ ಒಂದು ಪಾಲು ತಿಂದು ಎದ್ದು ಹೋದರು.

ಮಂದಿ ಕೂಡಿಸುವುದು ಅವರ ಕಸುಬು. ಮಾರುಕಟ್ಟೆಯಲ್ಲಿ ಹಮಾಲರು ಜೋಡಿಯಾಗಿ ದುಡಿಯುತ್ತಾರೆ. ಭತ್ತದ ಚೀಲವನ್ನು ಯಾವನೂ ತನ್ನ ಬೆನ್ನಿಗೆ ತಾನೇ ಏರಿಸಿಕೊಳ್ಳಲಾರ. ಜೋಡಿಯವನು ಎತ್ತಿ ಹೊರಿಸಬೇಕು. ಒಬ್ಬ ತಪ್ಪಿಸಿದರೆ ಇನ್ನೊಬ್ಬನ ದಿನವೂ ಹಾಳು. ಅದಕ್ಕೇ ಜ್ವರ ಬಂದರೂ ಹೇಳಿ ಕಳಿಸುತ್ತಾರೆ, ಸುಮ್ಮನೆ ತಪ್ಪಿಸುವುದಿಲ್ಲ. ಯಾರಿಗೆ ಯಾರನ್ನು ಜೋಡಿ ಮಾಡಬೇಕು, ಯಾವ ಇಬ್ಬರ ನಡುವೆ ಮಾತು ಬಿಟ್ಟಿದೆ, ಯಾರು ಯಾರ ಮಾತು ಕೇಳುತ್ತಾರೆ ಎಂಬುದೆಲ್ಲ ಕಾಕಾನಿಗೆ ಬೆರಳ ತುದಿಯಲ್ಲಿದೆ.

ಮರುದಿನ ಅವರು ಮಾರುಕಟ್ಟೆಯ ಶೆಡ್ಡಿನಲ್ಲಿ, ಊಟಕ್ಕೆ ಕೂತ ಹಮಾಲರೆದುರು ನಿಂತು ಹೇಳಿದರಂತೆ: "ಐತ್ವಾರ ಮೇಡಮ್ಮನ ಸಾಲಿ ಇಲ್ಲೇ ನಡೀತದ. ಪ್ರತಿಯೊಬ್ಬನೂ ತನ್ನ ಜೋಡಿಯವನ ಕೂಸು ತರಬೇಕು. ತನ್ನ ಕೂಸು ತಾನೇ ತಂದವಗ ಒಳಗ ಜಾಗಾ ಇಲ್ಲ." ಓಣಿಯ ಉಳಿದ ಹಿರಿಯರಿಗೂ ಹೋಗಿ ಹೇಳಿದರಂತೆ, "ನಿಮ್ಮ ಕುರ್ಚಿ ತೆಗೆದೀವಿ, ಇನ್ನ ಮನ್ಯಾಗೇ ಕುಂಡ್ರಿ" ಎಂದು.

ನಾಲ್ಕನೆಯ ರವಿವಾರ ನಾನು ಬಸ್ಸಿಳಿದು ಶೆಡ್ಡಿಗೆ ಬಂದಾಗ ಇಪ್ಪತ್ತು ಗಂಡಸರು, ಇಪ್ಪತ್ತು ಕೂಸುಗಳು. ಒಬ್ಬನ ಮಗು ಇನ್ನೊಬ್ಬನ ಹೆಗಲ ಮೇಲೆ. ಮಲ್ಲಿನಾಥನ ಜೋಡಿ ನವಾಜ್. ನವಾಜನ ಮಗ ಮೂರು ವರ್ಷದ ಗುಡ್ಡು ಮಲ್ಲಿನಾಥನ ಎರಡೂ ಕಿವಿ ಹಿಡಿದು ಅವನನ್ನು ಮೋಟರ್‌ಸೈಕಲ್ಲಿನ ಹಾಗೆ ಓಡಿಸುತ್ತಿದ್ದ. ನವಾಜನ ಕಂಕುಳಲ್ಲಿ ಶಾಂಭವಿ, ಕಣ್ಣಿಗೆ ಕಾಡಿಗೆ, ಕೈಯಲ್ಲಿ ಅರ್ಧ ಕಚ್ಚಿದ ಬಿಸ್ಕತ್ತು.

ನನಗೆ ಹೇಳಿಕೊಡುವುದೇನೂ ಉಳಿಯಲಿಲ್ಲ ಎನಿಸಿತು. ತನ್ನ ಕೂಸಾದರೆ ಬೊಂಬೆಯಂತೆ ಬಿಗಿಯುವ ಗಂಡಸರು ಜೋಡಿಯವನ ಕೂಸಿನ ಜೊತೆ ಆನೆಯಾದರು, ಎತ್ತಾದರು, ಟ್ರ್ಯಾಕ್ಟರಾದರು. ನಾನು ಹಾಡು ಕಲಿಸಿದರೆ ಎದೆ ತುಂಬಿ ಹಾಡಿದರು. ಮಗು ಕೇಳಿದ್ದಕ್ಕೆ ಉತ್ತರ ಕೊಡಬೇಕು, ಗದರಬಾರದು ಎಂದರೆ, ಜೋಡಿಯವನು ನೋಡುತ್ತಿದ್ದಾನಲ್ಲ, ಗದರುವವನಾರು? ಪೈಪೋಟಿಯೂ ಶುರುವಾಯಿತು. ನಿನ್ನ ಮಗನಿಗೆ ನಾನು ಹತ್ತರವರೆಗೆ ಎಣಿಸಲು ಕಲಿಸಿದೆ, ನನ್ನ ಮಗಳಿಗೆ ನೀನೇನು ಕಲಿಸಿದೆ?

ತಪ್ಪಿಸುವುದು ಅಸಾಧ್ಯವಾಗಿಬಿಟ್ಟಿತು. ರವಿವಾರ ಬೆಳಿಗ್ಗೆ ಕೂಸಿಗೆ ಎಣ್ಣೆ ಹಚ್ಚಿ, ತಲೆ ಬಾಚಿ, ಕೆಂಪು ಅಂಗಿ ಹಾಕಿ ತಾಯಿ ಬಾಗಿಲಲ್ಲಿ ನಿಂತಿರುತ್ತಾಳೆ. ಜೋಡಿಯವನು ಬರದಿದ್ದರೆ ಅವಳು ಸುಮ್ಮನಿರುತ್ತಾಳೆಯೇ? ನೇರ ಅವನ ಮನೆಗೆ ಹೋಗಿ ಅವನ ಹೆಂಡತಿಯನ್ನು ಕೇಳುತ್ತಾಳೆ. ಆಮೇಲೆ ಆ ಹೆಂಡತಿ ಅವನನ್ನು ನೋಡಿಕೊಳ್ಳುತ್ತಾಳೆ. ಅದಕ್ಕೂ ಜಗ್ಗದವನ ಮನೆಗೆ ಕಾಕಾ ಹೋಗುತ್ತಿದ್ದರು. ಬೈಯುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ನೀರು ಕೇಳುತ್ತಿದ್ದರು. ಕುಡಿದು, ಇನ್ನೊಂದು ಚೊಂಬು ಕೇಳುತ್ತಿದ್ದರು. ಮೂರನೆಯ ಚೊಂಬಿನ ಹೊತ್ತಿಗೆ ಒಳಗಿದ್ದವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬರುತ್ತಿದ್ದ.

ಹೀಗೆ ಎಂಟನೆಯ ವಾರದವರೆಗೆ ಹಾಜರಿ ಹದಿನೆಂಟಕ್ಕಿಂತ ಕೆಳಗೆ ಇಳಿಯಲಿಲ್ಲ. ಯಾದಗಿರಿ ಆಫೀಸಿನವರು ಹೇಗೆ ಮಾಡಿದೆ ಎಂದು ಕೇಳಿದರು. ನಾನು ಎರಡು ಪುಟದ ವರದಿ ಬರೆದೆ. ಅದರಲ್ಲಿ ಸಮುದಾಯದ ಸಹಭಾಗಿತ್ವ ಎಂಬ ಮಾತು ಏಳು ಸಲ ಬಂದಿತ್ತು, ಖಂಡಪ್ಪ ಕಾಕಾನ ಹೆಸರು ಒಂದೇ ಸಲ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಎಂಟನೆಯ ರವಿವಾರ ಒಂದು ಆಟ ಆಡಿಸಿದೆ. ಮಕ್ಕಳೆಲ್ಲ ಶೆಡ್ಡಿನ ಆ ತುದಿಗೆ, ಗಂಡಸರೆಲ್ಲ ಈ ತುದಿಗೆ. ನಾನು ಚಪ್ಪಾಳೆ ತಟ್ಟಿದ ಕೂಡಲೇ ಮಕ್ಕಳು ತಮಗೆ ಬೇಕಾದವರ ಹತ್ತಿರ ಓಡಿ ಬರಬೇಕು. ಮಲ್ಲಿನಾಥ ಮತ್ತು ನವಾಜ್ ಅಕ್ಕಪಕ್ಕ ಕೂತಿದ್ದರು. ಚಪ್ಪಾಳೆ ತಟ್ಟಿದೆ. ಶಾಂಭವಿ ಗೆಜ್ಜೆ ಝಣಗುಟ್ಟಿಸುತ್ತ ಓಡಿ ಬಂದಳು. ಮಲ್ಲಿನಾಥನ ಮೊಣಕಾಲು ಸವರಿಕೊಂಡೇ ದಾಟಿ ಹೋಗಿ, ನವಾಜನ ಕೊರಳಿಗೆ ಬಿದ್ದು, "ಅಬ್ಬಾ" ಎಂದಳು. ಗುಡ್ಡು ತನ್ನಪ್ಪನನ್ನು ಹಾಗೆ ಕರೆಯುವುದನ್ನು ವಾರ ವಾರವೂ ಕೇಳಿ ಕಲಿತಿದ್ದಳು.

ಶೆಡ್ಡಿಗೆ ಶೆಡ್ಡೇ ನಕ್ಕಿತು. ನವಾಜನ ಮುಖ ಕೆಂಪಾಯಿತು. "ಅಬ್ಬಾ ಅಲ್ಲವ್ವಾ, ಕಾಕಾ ಅನ್ನು, ಕಾಕಾ," ಎಂದು ಅವಳ ಗಲ್ಲ ಹಿಡಿದ. ಮಲ್ಲಿನಾಥನೂ ನಕ್ಕ. ನಕ್ಕು, ನೀರು ಕುಡಿದು ಬರುತ್ತೇನೆಂದು ಎದ್ದು ಹೋದ. ನಲ್ಲಿ ಬಾಗಿಲ ಹೊರಗೇ ಇತ್ತು, ತರಗತಿ ಮುಗಿಯುವತನಕ ಅವನು ಒಳಗೆ ಬರಲಿಲ್ಲ.

ನಗದೇ ಇದ್ದವರು ಖಂಡಪ್ಪ ಕಾಕಾ ಮಾತ್ರ. ಎಲ್ಲರೂ ಹೋದ ಮೇಲೆ ಖಾಲಿ ಚೀಲಗಳ ಮೇಲೆ ಕೂತೇ ಇದ್ದರು.

"ನಾವು ಮಂದಿ ಕೂಡಿಸಿದ್ವಿ ಯವ್ವಾ," ಎಂದರು. "ಅಪ್ಪ ಮಕ್ಕಳನ್ನ ಕೂಡಿಸಲಿಲ್ಲ."

ಈ ಮಾತು ನನಗೆ ನೇರ ತಾಕಿತು. ಎಂಟು ವಾರದಿಂದ ನಾನು ತಲೆ ಎಣಿಸುತ್ತಿದ್ದೆ, ಹದಿನೆಂಟು ಇಪ್ಪತ್ತು ಎಂದು ಹಿಗ್ಗುತ್ತಿದ್ದೆ. ಮಗು ಯಾರ ಕೈಯಲ್ಲಿದೆ ಎಂಬುದನ್ನು ನೋಡಿಯೂ ನೋಡಿರಲಿಲ್ಲ.

"ಮುಂದಿನ ವಾರ ತಮ್ಮ ತಮ್ಮ ಕೂಸು ತರ್ರಿ ಅಂತ ಹೇಳೋಣ್ರಿ," ಎಂದೆ.

"ಒಬ್ಬನೂ ಬರಂಗಿಲ್ಲ."

"ಹಂಗಾದ್ರ ನೀವೇ ಬರಬ್ಯಾಡ್ರಿ. ನೀವಿಲ್ದಿದ್ರ ಮಲ್ಲಿನಾಥ ಎತ್ತತಾನ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ತರಗತಿ ಕಟ್ಟಿದವರಿಗೇ ಬರಬೇಡಿ ಎನ್ನುವುದೆಂದರೆ!

ಕಾಕಾ ಸಿಟ್ಟಾಗಲಿಲ್ಲ. "ಎತ್ತತಾನ, ಖರೆ. ಆದ್ರ ಐತ್ವಾರ ಒಂದು ತಾಸು ಎತ್ತಿದ್ರ ಏನು ಬಂತು? ಮನ್ಯಾಗ ನಾ ದಿನಾ ಇರ್ತೀನಿ. ನಾ ಇದ್ದಾಗೇ ಎತ್ತಬೇಕು." ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದರು. "ವಿಚಾರ ಮಾಡ್ತೀನಿ," ಎಂದಷ್ಟೇ ಹೇಳಿ ಹೋದರು.

ಆ ವಾರವಿಡೀ ನನಗೆ ಸರಿಯಾಗಿ ನಿದ್ದೆಯಿಲ್ಲ. ಮಲ್ಲಿನಾಥ ಬರುವುದನ್ನೇ ಬಿಟ್ಟರೆ? ಅವನು ಬಿಟ್ಟರೆ ನವಾಜ್ ಯಾವ ಮುಖ ಹೊತ್ತು ಬರುತ್ತಾನೆ? ಒಂದು ಜೋಡಿ ಒಡೆದರೆ ಉಳಿದವು ಎಷ್ಟು ದಿನ? ಆದರೆ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ನಲ್ಲಿಯ ಹತ್ತಿರ ನಿಂತ ಮಲ್ಲಿನಾಥನ ಬೆನ್ನು.

ಒಂಬತ್ತನೆಯ ರವಿವಾರ ಎಲ್ಲರೂ ಎಂದಿನಂತೆ ಬಂದರು. ಮಲ್ಲಿನಾಥನೂ ಗುಡ್ಡುವನ್ನು ಎತ್ತಿಕೊಂಡು ಬಂದ, ಆದರೆ ಮುಖದಲ್ಲಿ ಗೆಲುವಿರಲಿಲ್ಲ. ನವಾಜ್ ಶಾಂಭವಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ತಪ್ಪು ಮಾಡಿದವನ ಹಾಗೆ ಮೂಲೆಯಲ್ಲಿ ಕೂತಿದ್ದ. ನಾನು ಪಾಠದ ಚಿತ್ರಗಳನ್ನು ತೆಗೆಯುತ್ತಿದ್ದೆ. ಅಷ್ಟರಲ್ಲಿ ಕಾಕಾ ಎದ್ದು ನಿಂತರು. ಅಷ್ಟು ವಾರಗಳಲ್ಲಿ ತರಗತಿ ನಡೆಯುವಾಗ ಅವರು ಒಮ್ಮೆಯೂ ಬಾಯಿ ತೆರೆದವರಲ್ಲ.

ಮೊದಲು ನವಾಜನ ಹತ್ತಿರ ಹೋಗಿ ಶಾಂಭವಿಯನ್ನು ಎತ್ತಿಕೊಂಡರು. ಅಜ್ಜನಲ್ಲವೇ, ಖುಷಿಯಿಂದ ಬಂದಳು. ಅಲ್ಲಿಂದ ಮಗನ ಮುಂದೆ ಹೋಗಿ ನಿಂತರು.

"ಗುಡ್ಡುನ್ನ ಅವರಪ್ಪಗ ಕೊಡು," ಎಂದರು.

ಮಲ್ಲಿನಾಥ ಗಡಬಡಿಸಿ ಎದ್ದು ಗುಡ್ಡುವನ್ನು ನವಾಜನಿಗೆ ಕೊಟ್ಟು, ತಲೆ ತಗ್ಗಿಸಿ ನಿಂತ.

"ನೀ ಮೂರು ವರ್ಷದಾಂವ ಇದ್ದಾಗ ಹಬ್ಬಕ್ಕ ಹಳ್ಳಿಗಿ ಹೋಗಿದ್ವಿ, ಅಲ್ಲಿ ನಿನಗ ಚೇಳು ಕಡದಿತ್ತು," ಎಂದು ಕಾಕಾ ಶುರು ಮಾಡಿದರು. ಅವರ ದನಿ ಲಾರಿ ಡ್ರೈವರುಗಳನ್ನು ಬೈಯುವ ದನಿಯೇ, ಮೆಲ್ಲಗೆ ಮಾತಾಡಲು ಅವರಿಗೆ ಬರುವುದಿಲ್ಲ. "ಹಳ್ಳಿಯಿಂದ ಸುರಪುರ ದವಾಖಾನಿಗಿ ನಡಕೊಂಡು ಹೋದ್ವಿ. ನಮ್ಮಪ್ಪ ಮುಂದ. ನಿನ್ನ ಎತ್ತಿಕೊಂಡಾಂವ ನನ್ನ ತಮ್ಮ. ನಾ ಹಿಂದ ಹಿಂದ ನಡದೆ. ದಾರಿ ತುಂಬ ನೀ ನಿಮ್ಮ ಕಾಕಾನ ಹೆಗಲ ಮ್ಯಾಲಿಂದ ಯಪ್ಪಾ ಯಪ್ಪಾ ಅಂತ ನನಗ ಕೈ ಮಾಡಿದಿ. ನಾ ನೆಲ ನೋಡಿಕೋತ ನಡದೆ. ನಮ್ಮಪ್ಪ ಏನಂತಾನೋ ಅಂತ. ಇಪ್ಪತ್ತೈದು ವರ್ಷ ಆತು. ನಮ್ಮಪ್ಪ ಸತ್ತೂ ಹೋದ. ನೀ ಕೈ ಮಾಡಿದ್ದು ಇನ್ನೂ ಕಣ್ಣ ಮುಂದ ಬರ್ತದ."

 ಮಲ್ಲಿನಾಥ ತಲೆ ಎತ್ತಲಿಲ್ಲ.

ಕಾಕಾ ಮೊಮ್ಮಗಳನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದರು. "ನೀ ತಗೊಳ್ಳಾಕತ್ತಿಲ್ಲ, ನಾ ಕೊಡಾಕತ್ತೇನಿ. ಹಿಡಿ."

ಹಿರಿಯರು ಕೊಟ್ಟದ್ದನ್ನು ಬೇಡವೆನ್ನುವ ಹಾಗಿಲ್ಲ. ಮಲ್ಲಿನಾಥ ಕೈ ಚಾಚಿದ. ಶಾಂಭವಿ ಅವನ ಕೈಗೆ ಬಂದದ್ದೇ ತಡ, ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ ಚೀರಿದಳು. ಎರಡೂ ಕೈ ನವಾಜನ ಕಡೆ ಚಾಚಿ, ಅವನನ್ನು ಕರೆಯುತ್ತ, ಕಾಲು ಒದೆಯುತ್ತ ಅತ್ತಳು. ನವಾಜ್ ತಡೆಯಲಾರದೆ ಅರ್ಧ ಎದ್ದ. ಮಲ್ಲಿನಾಥ ಅವಳನ್ನು ಎದೆಯಿಂದ ಒಂದು ಗೇಣು ದೂರ ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ. ನನಗೆ ಅಳುವ ಮಗುವನ್ನು ಸಮಾಧಾನ ಮಾಡುವ ಎಂಟು ವಿಧಾನ ಗೊತ್ತು, ಕಲಿಸುತ್ತೇನೆ ಕೂಡ. ಆಗ ಒಂದೂ ನೆನಪಿಗೆ ಬರಲಿಲ್ಲ.

"ಯಪ್ಪಾ, ಅಳಾಕತ್ತಾಳ," ಎಂದು ಮಲ್ಲಿನಾಥ ಮಗುವನ್ನು ತಿರುಗಿ ಕೊಡಲು ಬಂದ.

"ಅಳ್ಲಿ," ಎಂದರು ಕಾಕಾ. ಕೈ ಮುಂದೆ ಮಾಡಲಿಲ್ಲ. "ನಿನ್ನ ಕೈಯಾಗೇ ಅಳ್ಲಿ."

ಮಲ್ಲಿನಾಥ ಒಮ್ಮೆ ಅಪ್ಪನನ್ನು ನೋಡಿದ, ಒಮ್ಮೆ ಮಗಳನ್ನು ನೋಡಿದ. ಆಮೇಲೆ ಆ ಒಂದು ಗೇಣು ಅಂತರವನ್ನು ಅಳಿಸಿ, ಅವಳನ್ನು ಎದೆಗೆ ಒತ್ತಿಕೊಂಡ. ಚೀಲ ಹೊತ್ತು ಗಟ್ಟಿಯಾದ ಅಂಗೈಯಿಂದ ಅವಳ ಬೆನ್ನು ತಟ್ಟತೊಡಗಿದ. ತಟ್ಟುವುದೂ ಅವನಿಗೆ ಸರಿಯಾಗಿ ಬರುತ್ತಿರಲಿಲ್ಲ. ಅವಳು ಅವನ ಅಂಗಿ ಹಿಡಿದು ಎಳೆದಳು, ಹೆಗಲಿಗೆ ಗುದ್ದಿದಳು, ಅತ್ತಳು. ಅವನು ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ಅಳು ಬಿಕ್ಕಾಯಿತು. ಬಿಕ್ಕುತ್ತ ಬಿಕ್ಕುತ್ತ ದಣಿದು, ಅವನ ಹೆಗಲಿಗೇ ಮೂಗು ಒರೆಸಿ, ತಲೆ ಅಲ್ಲಿಯೇ ಇಟ್ಟಳು.

"ಇಲ್ಲೇ ಅದೀನವ್ವಾ," ಎಂದ ಮಲ್ಲಿನಾಥ ಅವಳ ಕಿವಿಯ ಹತ್ತಿರ. ಅವನು ಮಗಳ ಜೊತೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹಿಂದಿನ ಸಾಲಿನಲ್ಲಿ ಒಬ್ಬ ಎದ್ದು, ತೊಡೆಯ ಮೇಲಿದ್ದ ಕೂಸನ್ನು ಅದರ ಅಪ್ಪನ ಕೈಗೆ ಕೊಟ್ಟ. ಇನ್ನೊಬ್ಬ ಎದ್ದ. ನಾನು ಯಾರಿಗೂ ಏನೂ ಹೇಳಿರಲಿಲ್ಲ. ನೋಡನೋಡುತ್ತ ಶೆಡ್ಡಿನಲ್ಲಿ ಎಲ್ಲ ಕೂಸುಗಳೂ ಕೈ ಬದಲಾದವು. ಕೆಲವು ಅತ್ತವು, ಕೆಲವು ನಕ್ಕವು. ನವಾಜ್ ಗುಡ್ಡುವಿನ ತಲೆಯ ಮೇಲೆ ಗಲ್ಲವಿಟ್ಟು ಮಲ್ಲಿನಾಥನ ಕಡೆ ನೋಡಿ ಕಣ್ಣೊರೆಸಿಕೊಂಡ.

ನಾನು ಖಂಡಪ್ಪ ಕಾಕಾನ ಕಡೆ ನೋಡಿದೆ. ಈಗ ಕೆಮ್ಮುತ್ತಾರೆ, ಮುಖ ತಿರುಗಿಸಿಕೊಂಡು ಹೊರಗೆ ಹೋಗುತ್ತಾರೆ ಎಂದುಕೊಂಡೆ. ಹಿರಿಯರು ಮಾಡುವುದು ಅದನ್ನೇ. ಅವರು ಹೋಗಲಿಲ್ಲ. ಮಗನ ಎದುರಿಗೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣು ತುಂಬ ನೋಡತೊಡಗಿದರು.